ಮೂರೂವರೆ ಗೀಟು

ಜಪಾನಿನಲ್ಲಿ ಮದುವೆ, ಮನೆತನಗಳ ಹೊಸ ಕಾಯಿದೆ ಬಂದ ಮರುವರ್ಷ. ಶಿನ್ಶು ಸೀಮೆಯ ಪಟ್ಟಣವೊಂದರ ಕಚೇರಿಯಲ್ಲಿ, ಅತ್ತೆಯ ಸಾವನ್ನು ಬರೆಸಲು ಬಂದ ಇಸೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಳು. ಗುಮಾಸ್ತ ಹಿಂದಿರುಗಿಸಿದ ಕಾಗದವನ್ನು ಹಿಡಿದುಕೊಂಡು ಒಬ್ಬ ತಾಯಿ, ಅವಳ ಬಸುರಿ ಮಗಳು ಪಕ್ಕದಲ್ಲಿ ಬಂದು ಕುಳಿತರು. ಕಾಗದದ ಮೇಲೆ ಅಕ್ಷರವೇ ಇರಲಿಲ್ಲ. ಮೂರು ಉದ್ದ ಗೀಟು, ಒಂದು ಗಿಡ್ಡ ಗೀಟು.

“ಬರೆಯೋಕೆ ಬಾರದ ಗಂಡಸರು ಹೆಂಡ್ತೀನ ಹಿಂಗೇ ಅಲ್ವೇನೆ ಬಿಡ್ತಿದ್ದದ್ದು, ಮಿನೆ? ನಮ್ಮಜ್ಜಿ ಕಾಲದಿಂದ ನಡ್ಕೊಂಡು ಬಂದಿದೆ.”

“ಈಗ ನಡೆಯಲ್ವಂತಮ್ಮ. ಗಂಡ ಹೆಂಡ್ತಿ ಇಬ್ಬರ ಹೆಸರಿನ ಮುದ್ರೇನೂ ಬೇಕಂತೆ, ಸಾಕ್ಷಿ ಬೇಕಂತೆ. ಜರ್ಮನಿಯವರ ಕಾಯಿದೆ ನೋಡಿ ಬರೆದದ್ದಂತೆ.”

“ಜರ್ಮನಿಯವರು ಆ ನಿನ್ನ ಗಂಡನ್ನ ನೋಡಿದ್ದಾರಾ? ಈ ಗೀಟು ಎಳೆಯೋಕೇ ಅವನಿಗೆ ಅರ್ಧ ದಿನ ಹಿಡೀತು.”

“ಕಾಗದದಲ್ಲಿ ನಾನಿನ್ನೂ ಅವನ ಹೆಂಡ್ತೀನೇ.”

“ಗೆಂಜೊ ಜೊತೆ ಸಂಸಾರ ಮಾಡಿ ಎರಡು ವರ್ಷ ಆಯ್ತಲ್ಲೆ! ಹೊಟ್ಟೇಲಿರೋದು ಅವನ ಕೂಸು.”

“ಹುಟ್ಟಿದ್ರೆ ಹಳೇ ಗಂಡನ ಮನೆ ಹೆಸರಿಗೇ ಬರೀತಾರಂತೆ.”

ತಾಯಿ ಮಗಳ ಕಡೆ ತಿರುಗಿದಳು.

“ಒಂದು ಹನಿ ಕಣ್ಣೀರಾದ್ರೂ ಹಾಕೇ.”

“ಬರ್ತಿಲ್ಲಮ್ಮ. ಕಾಲು ಮರಗಟ್ಟಿದೆ, ಅಷ್ಟೆ. ಏಳು, ಹೊತ್ತು ಮುಳುಗೋದ್ರೊಳಗೆ ಹಳೇ ಗಂಡನ ಊರು ಸೇರೋಣ.”

“ಹೋಗಿ ಏನಂತೀಯೆ ಆ ಮೂಳನಿಗೆ?”

“ಇನ್ನೊಂದು ಸಲ ನನ್ನ ಬಿಟ್ಟುಬಿಡಿ ಅಂತೀನಿ.”

ತಾಯಿ ಬಗ್ಗಿ, ಮಗಳ ಮರದ ಚಪ್ಪಲಿಗಳನ್ನು ಬಾಗಿಲ ಕಡೆಗೆ ತಿರುಗಿಸಿಟ್ಟಳು. ಇಬ್ಬರೂ ಹೊರಟುಹೋದರು.