ಬದುಕಿರುವವರ ಹೆಸರು ಕಡಲಿಗೆ ಬೇಡ

ವೇದಿಕೆಯ ನಡುವೆ ಕೂತಿರುವ ನಮ್ಮೂರ ಮುಖ್ಯಸ್ಥರಾದ ಕೋ ಚಾಂಗ್‌ಗಿಲ್ ಅವರೇ, ಸಿಯೋಲ್‌ನಿಂದ ವಿಮಾನ ಹತ್ತಿ ಬಂದಿರುವ ಟೀವಿ ಕಂಪನಿಯ ಹಿರಿಯರೇ, ಮನಿಲಾದಿಂದ, ಬ್ಯಾಂಕಾಕಿನಿಂದ, ಇನ್ನೂ ನನ್ನ ನಾಲಿಗೆಗೆ ಬಾರದ ಊರುಗಳಿಂದ ಬಂದ ಅಭಿಮಾನಿ ಮಕ್ಕಳೇ, ಮುಂದಿನ ಸಾಲಿನಲ್ಲಿ ಒದ್ದೆ ತಲೆಯಲ್ಲೇ ಬಂದು ಕೂತಿರುವ ನನ್ನ ಮುಳುಗುಗಾರ್ತಿ ಗೆಳತಿಯರೇ, ಸಭಿಕರೇ.

ನಾನು ಬು ಮಲ್‌ಸೂನ್. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನ ಅರ್ಧದವರೆಗೆ. ಮೈಕಿನ ಹತ್ತಿರ ಬಂದರೆ ಅದು ಕಿರುಚುತ್ತದೆ, ದೂರ ಹೋದರೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಗಾಳಿ ಬೇರೆ ಬೆಳಿಗ್ಗೆ ಇದ್ದ ದಿಕ್ಕಿನಲ್ಲಿಲ್ಲ. ಅದನ್ನು ನೀವ್ಯಾರೂ ಗಮನಿಸಿದಂತೆ ಕಾಣುವುದಿಲ್ಲ.

ಇರಲಿ. ಹಬ್ಬದ ದಿನ ಒಳ್ಳೆಯ ಮಾತು ಆಡಬೇಕು, ಆಡುತ್ತೇನೆ. 'ಉಬ್ಬರದ ಕಾವಲುಗಾರ' ಧಾರಾವಾಹಿ ಬಂದ ಮೇಲೆ ಮೊಸಲ್‌ಗೆ ಎಂಬ ನಮ್ಮ ಈ ಊರು ಹೇಗಿದ್ದದ್ದು ಹೇಗಾಯಿತು? ಬಸ್ಸಿಗಾಗಿ ನಾವು ಕಾಯುತ್ತಿದ್ದೆವು, ಈಗ ಬಸ್ಸುಗಳು ನಿಲ್ಲಲು ಜಾಗಕ್ಕಾಗಿ ಕಾಯುತ್ತವೆ. ಮುಚ್ಚಿದ್ದ ಶಾಲೆ ಕಾಫಿ ಅಂಗಡಿಯಾಗಿದೆ. ನಾನು ಮೀನು ಒಣಹಾಕುವ ಹಗ್ಗದ ಕೆಳಗೆ ನಿಂತು, ಮೂಗು ಮುಚ್ಚಿಕೊಂಡಾದರೂ ಸರಿ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಒಂದು ಕಂತು ಬಿಡದೆ ನೋಡಿದ್ದೇನೆ. ಅತ್ತಿದ್ದೇನೆ. ಆ ಕಾವಲುಗಾರ ಸಾವಿರ ವರ್ಷ ಕಡಲಡಿ ಇದ್ದವನು, ಕಪ್ಪು ಕೋಟು ತೊಟ್ಟು ಮೇಲೆ ಬರುತ್ತಾನೆ, ಕೂದಲು ಮಾತ್ರ ಒಣಗಿಯೇ ಇರುತ್ತದೆ! ಪಕ್ಕದ ಮನೆಯ ಚುನ್‌ಜಾ ಕೇಳಿದಳು, "ಅಕ್ಕಾ, ನಾವು ಇಷ್ಟು ವರ್ಷ ಮುಳುಗಿದ್ವಲ್ಲ, ಇಂಥವನೊಬ್ಬ ಕೈಗೆ ಸಿಕ್ಕಿದ್ನಾ? ಬರೀ ಶಂಖ, ಬರೀ ಶಂಖ!" ನಾನಂದೆ, "ಸಿಕ್ಕಿದ್ರೂ ನೀನು ಮೊದಲು ಅವನನ್ನ ತಕ್ಕಡಿಗೆ ಹಾಕ್ತಿದ್ದೆ ಬಿಡು."

ನಗಿ, ನಗಿ. ನಾನೂ ನಕ್ಕಿದ್ದೆ, ಅನ್ನದ ಪೊಟ್ಟಣದ ಕಂತು ಬರುವವರೆಗೆ.

ನಿಮಗೆಲ್ಲ ಗೊತ್ತಿರುವ ಕಂತು. ಹುಡುಗಿ ಬಿಳಿ ಕಾಗದದಲ್ಲಿ ಅನ್ನ ಕಟ್ಟುತ್ತಾಳೆ, ಒಳಗೆ ತನಗೆ ಬೇಕಾದವನ ಹೆಸರು ಬರೆಯುತ್ತಾಳೆ, ಕಡಲಿಗೆ ಎಸೆಯುತ್ತಾಳೆ, ಅವನು ಬರುತ್ತಾನೆ. ಹಾಡು ಶುರುವಾಗುತ್ತದೆ. ನೀವೆಲ್ಲ ಕಣ್ಣೊರೆಸಿಕೊಂಡಿರಿ. ನಾನು ಮಾತ್ರ ಎದ್ದು ಹೋಗಿ ಬಾಗಿಲಲ್ಲಿ ನಿಂತು ಕಡಲು ನೋಡಿದೆ. ಈಗ ನಮ್ಮೂರ ಪ್ರತಿ ಅಂಗಡಿಯಲ್ಲೂ ಆ ಪೊಟ್ಟಣ ಸಿಗುತ್ತದೆ, ಗುಲಾಬಿ ದಾರ ಸುತ್ತಿ. ಪ್ರೇಮಿಗಳು ಎಸೆಯುತ್ತಾರೆ, ತಾಯಂದಿರು ಮಕ್ಕಳ ಹೆಸರು ಬರೆದು ಎಸೆಯುತ್ತಾರೆ. ಬೆಳಿಗ್ಗೆ ಕಾಗದಗಳು ದಡಕ್ಕೆ ಬಂದಿರುತ್ತವೆ. ನಾನು ಆರಿಸುತ್ತೇನೆ. ನನಗೆ ಓದಲು ಬಾರದ ಲಿಪಿಗಳು. ಯಾರ ಮಗುವೋ, ಯಾರ ಗಂಡನೋ. ಕಲ್ಲಿನ ಗೋಡೆಯ ಮೇಲೆ ಒಣಗಿಸಿ ಒಳಗೆ ಇಡುತ್ತೇನೆ. ಸುಡಲು ಭಯ, ಎಸೆಯಲು ಇನ್ನೂ ಭಯ.

ಯಾಕೆ ಭಯ ಅಂತ ಕೇಳುತ್ತೀರಾ? ಹೊರಗಿನವರಿಗೆ ಯಾರೂ ಹೇಳಿಲ್ಲ, ಅದು ನಿಮ್ಮ ತಪ್ಪಲ್ಲ. ನಮ್ಮಲ್ಲಿ ಎರಡನೇ ತಿಂಗಳ ಪೂಜೆಯ ದಿನ ಪೊಟ್ಟಣ ಎಸೆಯುವುದು ನಿಜ. ಕಡಲರಸನಿಗೆ ಎಸೆಯುವ ಪೊಟ್ಟಣದಲ್ಲಿ ಹೆಸರಿರುವುದಿಲ್ಲ. ಹೆಸರು ಬರೆಯುವುದು ಒಬ್ಬರಿಗೆ ಮಾತ್ರ: ಕಡಲಿಗೆ ಹೋಗಿ ವಾಪಸ್ ಬಾರದವರಿಗೆ.

ನನ್ನ ಅಕ್ಕ ಓಕ್‌ಸೂನ್ ಹಾಗೆ ಹೋದವಳು. ನನ್ನ ಶಾಲೆಯ ಫೀಜು ಅವಳು ಉಸಿರು ಹಿಡಿದು ಮುಳುಗಿ ತಂದ ಶಂಖದಿಂದ ಬರುತ್ತಿತ್ತು. ಒಂದು ದಿನ, ದಣಿವಾರಿಸಲು ಅವಳು ಹಿಡಿದುಕೊಳ್ಳುತ್ತಿದ್ದ ಸೋರೆಬುರುಡೆ ಮಾತ್ರ ನೀರಿನ ಮೇಲೆ ತೇಲುತ್ತಿತ್ತು. ದೇಹ ಸಿಗಲಿಲ್ಲ. ಆ ವರ್ಷದ ಪೂಜೆಗೆ ಹೆಂಗಸರು ಬಂದು, "ಪೊಟ್ಟಣ ಕಟ್ಟು ತಾಯಿ, ಮಗಳು ಹಸಿದಿರ್ತಾಳೆ" ಅಂದರು. ಅಮ್ಮ, "ಹಸಿದ್ರೆ ಮನೆಗೆ ಬರ್ತಾಳೆ" ಅಂದಳು. ಮರುವರ್ಷವೂ ಅದನ್ನೇ ಅಂದಳು. ಅಕ್ಕನ ಬಟ್ಟಲು, ಚಮಚ ಊಟದ ಮಣೆಯ ಮೇಲೆ ಇಡುತ್ತಲೇ ಇದ್ದಳು. ಕೊನೆಗೆ ಒಂದು ವರ್ಷ ತಾನಾಗಿಯೇ ಅನ್ನ ಮಾಡಿ, ಕಾಗದ ಹರವಿ, ನನ್ನನ್ನು ಕರೆದಳು. "ನೀನು ಶಾಲೆಗೆ ಹೋದವಳು, ಬರಿ" ಅಂದಳು. ಬರೆದೆ. ಅಂದು ಸಂಜೆ ಅಕ್ಕನ ಬಟ್ಟಲು ಮಣೆಯ ಮೇಲೆ ಇರಲಿಲ್ಲ. ಆಮೇಲೆ ನಾನು ಯಾರ ಹೆಸರನ್ನೂ ಬರೆದಿಲ್ಲ. ರುಜು ಹಾಕೆಂದರೆ ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತೇನೆ. ಬರೆಯಲು ಬಾರದೆಂದು ಬ್ಯಾಂಕಿನ ಹುಡುಗಿ ತಿಳಿದಿದ್ದಾಳೆ. ತಿಳಿಯಲಿ.

ಈಗ ಹೇಳಿ, ಹೆಸರು ಬರೆದ ಪೊಟ್ಟಣ ಎಂದರೆ ಏನು? ಇನ್ನು ಕಾಯುವುದಿಲ್ಲ ಎಂದರ್ಥ. ನಿನ್ನ ಹತ್ತಿರವೇ ಇಟ್ಟುಕೋ ಎಂದು ಕಡಲಿಗೆ ಹೇಳುವುದು ಎಂದರ್ಥ.

ಹೀಗಿರುವಾಗ ನಿನ್ನೆ ಮುಖ್ಯಸ್ಥರು ನಮ್ಮ ಮನೆಗೆ ಬಂದರು. ನನ್ನ ಮೊಮ್ಮಗಳು ಸೇಬ್ಯೊಲ್ ಈ ಧಾರಾವಾಹಿ ನೋಡಿಯೇ ಮುಳುಗುವ ಶಾಲೆ ಸೇರಿದವಳು. ಇಂದು ಮೊದಲ ಸಲ ಹಿರಿಯರ ಜೊತೆ ಆಳದ ನೀರಿಗೆ ಇಳಿಯುತ್ತಾಳೆ. "ಚಿಕ್ಕಮ್ಮ, ನಿಮ್ಮ ಭಾಷಣ ಮುಗಿದ ಕೂಡಲೇ ಮೊಮ್ಮಗಳ ಹೆಸರಿನ ಪೊಟ್ಟಣ ನೀವೇ ಎಸೀಬೇಕು, ಅವಳು ಹಾರಬೇಕು, ಕ್ಯಾಮೆರಾಕ್ಕೆ ಚೆನ್ನಾಗಿರುತ್ತೆ" ಅಂದರು. ನಾನು, "ಅದು ಆಗಲ್ಲ ಕಣಪ್ಪ" ಅಂದೆ. "ಕಾಲ ಬದಲಾಯ್ತು ಚಿಕ್ಕಮ್ಮ, ಈಗ ಅದು ಪ್ರೀತಿಯ ಪೊಟ್ಟಣ." ಮುಖ್ಯಸ್ಥರೇ, ತಲೆ ತಗ್ಗಿಸಬೇಡಿ. ನಿಮ್ಮಪ್ಪನ ಪೊಟ್ಟಣ ಕಟ್ಟಿದ ದಿನ ನಾನೂ ಅಲ್ಲಿದ್ದೆ. ನೀವು ಆ ಕಾಗದವನ್ನು ಅಮ್ಮನ ಕೈಯಿಂದ ಕಿತ್ತುಕೊಂಡು ಓಡಿದ್ದಿರಿ.

ಸೇಬ್ಯೊಲ್ ನನ್ನನ್ನೇ ಬೈದಳು. "ಅಜ್ಜಿ, ನಾನೇನು ಕೋಟು ಹಾಕಿದವನನ್ನ ಹುಡುಕೋಕೆ ಹೋಗ್ತಿಲ್ಲ. ನಂಗೆ ಕಡಲು ಇಷ್ಟ. ನೀವು ಎಲ್ಲದಕ್ಕೂ ಹೆದರ್ತೀರ."

"ನೀನು ಯಾವುದಕ್ಕೂ ಹೆದರಲ್ಲವಲ್ಲ, ನಿನ್ನ ಪಾಲಿನದ್ದೂ ನಾನೇ ಹೆದರಬೇಕು" ಅಂದೆ.

ಅವಳು ಅಗೋ, ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಕಪ್ಪು ರಬ್ಬರ್ ಅಂಗಿ ತೊಟ್ಟು ನಿಂತಿದ್ದಾಳೆ. ಮುಖ್ಯಸ್ಥರು ಕಟ್ಟಿಸಿ ಕೊಟ್ಟ ಪೊಟ್ಟಣ ಇಗೋ, ನನ್ನ ಕೈಯಲ್ಲಿದೆ. ಇನ್ನೂ ಬೆಚ್ಚಗಿದೆ. ಇದನ್ನು ಎಸೆಯದಿದ್ದರೆ ಊರಿನ ಮರ್ಯಾದೆ ಹೋಗುತ್ತದೆಂದು ಗೊತ್ತು. ಟೀವಿಯವರು ಮುಂದಿನ ವರ್ಷ ಬರಲಿಕ್ಕಿಲ್ಲ. ಅದಕ್ಕೂ ಹೆದರುತ್ತೇನೆ, ಸುಳ್ಳು ಹೇಳುವುದಿಲ್ಲ.

ಬಿಚ್ಚುತ್ತಿದ್ದೇನೆ. ದಾರ ಬಿಗಿಯಾಗಿದೆ, ತಡೆಯಿರಿ. ಹಾಂ. ಹೆಸರು ಮುದ್ದಾಗಿ ಬರೆದಿದ್ದಾರೆ. ಕಾಗದ ನನ್ನ ಅಂಗಿಯೊಳಗೆ, ಎದೆಯ ಹತ್ತಿರ ಇರಲಿ. ಈ ಅನ್ನವನ್ನು ನಾನು ತಿನ್ನುತ್ತೇನೆ. ಸೇಬ್ಯೊಲ್ ಹೆಸರಿನ ಅನ್ನ ಸೇಬ್ಯೊಲ್ ಮನೆಯವರ ಹೊಟ್ಟೆಗೆ ಹೋಗಲಿ. ನಿಮ್ಮ ಚೀಲಗಳಲ್ಲೂ ಪೊಟ್ಟಣಗಳಿವೆ. ಬಿಚ್ಚಿ ಮಕ್ಕಳೇ, ನಿಮಗೆ ಬೇಕಾದವರ ಹೆಸರಿನ ಅನ್ನ ನೀವೇ ತಿನ್ನಿ. ಉಪ್ಪಿಲ್ಲ, ಸಪ್ಪೆಯಾಗಿದೆ, ಸಹಿಸಿಕೊಳ್ಳಿ.

ಅವಳು ಮುಳುಗಲಿ. ನಾನು ತಡೆಯುವುದಿಲ್ಲ, ತಡೆದರೆ ನಿಲ್ಲುವವಳೂ ಅಲ್ಲ. ಆದರೆ ಇಲ್ಲೊಬ್ಬಳು ಕಾಯುತ್ತಿದ್ದಾಳೆ ಎಂದು ಕಡಲಿಗೆ ಗೊತ್ತಿರಲಿ.

ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ್ದಕ್ಕೆ ಕ್ಷಮಿಸಿ. ಕೇಳಿಸಿಕೊಂಡಿರಿ, ದೊಡ್ಡ ಉಪಕಾರವಾಯಿತು. ನಾನಿನ್ನು ಧಕ್ಕೆಗೆ ಹೋಗಬೇಕು, ಅವಳು ಮೇಲೆ ಬರುವಾಗ ನಾನಲ್ಲಿರಬೇಕು. ಎಲ್ಲರಿಗೂ ನಮಸ್ಕಾರ.