ತೋರಿಸುವ ಕಾಲು

ಕತ್ತಲಲ್ಲೂ ಕಣ್ಣು ಮುಚ್ಚದವನೇ, ಆಡಿದ ಮಾತನ್ನೂ ಆಡದೆ ನುಂಗಿದ ಮಾತನ್ನೂ ಕೇಳುವವನೇ, ಮೊದಲ ನಮಸ್ಕಾರ ನಿನಗೆ. ಈಗ ಹೇಳಹೊರಟಿರುವುದರಲ್ಲಿ ಒಂದಕ್ಷರ ಸುಳ್ಳು ಸೇರದಂತೆ ನನ್ನ ನಾಲಿಗೆಯನ್ನು ಕಾಯಿ.

ದೀಪ ಸಣ್ಣಗೆ ಮಾಡಿ. ಹತ್ತಿರ ಬನ್ನಿ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವಳ ಕಸುಬು. ಬೀದಿಗೆಲ್ಲ ಅವಳು ಬೆತ್ತದಕ್ಕ.

ಆ ರಾತ್ರಿ ಗಂಡ ಕೈಗಾಡಿ ಎಳೆಯುತ್ತಿದ್ದ, ಬೆತ್ತದಕ್ಕ ಹಿಂದಿನಿಂದ ತಳ್ಳುತ್ತಿದ್ದಳು. ಗಾಡಿಯಲ್ಲಿ ನಾಲ್ಕು ಕುರ್ಚಿ. ಹೊಸ ಮನೆಗೆ ಅವಳ ಅಣ್ಣ ಕೊಟ್ಟ ಉಡುಗೊರೆ. ಮರದ ಅಡ್ಡೆ ದಾಟಿದರು. ಹಾಳುಬಾವಿಯ ಪಕ್ಕಕ್ಕೆ ಬಂದರು. ಆಗ ಕೇಳಿಸಿತು...

ರ್ರ್ರ್... ರೀಲಿನಿಂದ ದಾರ ಬಿಚ್ಚಿಕೊಳ್ಳುವ ಸದ್ದು. ಸ್ವಲ್ಪ ಹೊತ್ತು ಬಿಟ್ಟು... ಟಿಕ್. ದಾರವನ್ನು ಹಲ್ಲಲ್ಲಿ ಕಡಿದ ಸದ್ದು.

"ಕೇಳಿಸ್ತಾ?" ಅವಳು ಪಿಸುಗುಟ್ಟಿದಳು.

"ಗಾಲಿಗೆ ಎಣ್ಣೆ ಇಲ್ಲ ಕಣೇ."

"ನಿಲ್ಸಿ ನೋಡಿ."

ನಿಲ್ಲಿಸಿದ. ಗಾಲಿ ನಿಂತಿತು. ಸದ್ದು ನಿಲ್ಲಲಿಲ್ಲ. ರ್ರ್ರ್... ಟಿಕ್.

ಆಮೇಲೆ ಇಬ್ಬರೂ ಬಿರುಸಾಗಿ ನಡೆದರು. ದೇವರ ಹೆಸರು ಹೇಳಿಕೊಂಡು ಮನೆ ಸೇರಿದರು.

ಈ ಕುರ್ಚಿಗಳ ಹಿಂದಿನದನ್ನು ಹೇಳಿಬಿಡುತ್ತೇನೆ. ಅಣ್ಣನಿಗೆ ಪೀಠೋಪಕರಣದ ಅಂಗಡಿ. ಒಳಗೆ ಮೂರು ಸಾಲು. ತೀರಾ ಹಳೆಯವು ಒಂದು ಕಡೆ, ಮಧ್ಯವಯಸ್ಸಿನವು ಒಂದು ಕಡೆ, ಹೊಸವು ಬಾಗಿಲ ಹತ್ತಿರ. "ಅಜ್ಜಿ ಸಾಲು, ಅತ್ತೆ ಸಾಲು, ಸೊಸೆ ಸಾಲು. ಯಾರ ಜೊತೆ ಸಂಸಾರ ಮಾಡ್ತೀರೋ ನೋಡ್ಕೊಳ್ಳಿ," ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಬೆತ್ತದಕ್ಕ ಹೆಣೆಯುತ್ತಿದ್ದದ್ದು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ.

ಹೊಸ ಮನೆಗೆ ಏನು ಕೊಳ್ಳುವುದು ಎಂದು ಗಂಡಹೆಂಡಿರಿಗೆ ತಿಂಗಳುಗಟ್ಟಲೆ ಜಗಳ. ಗಂಡ ಅಂಚೆಯವನು. ದಿನವಿಡೀ ನಡೆದು ಕಾಲು ಸೋತವನು. "ಹೊಸದೇ ಇರ್ಲಿ. ಹಳೇದು ತಂದ್ರೆ ಅದಕ್ಕೆ ನೋವಾಗುತ್ತೆ ಅಂತ ನನ್ನ ನೆಲದ ಮೇಲೆ ಕೂರಿಸ್ತೀಯ," ಎನ್ನುತ್ತಿದ್ದ.

ಅವಳ ಆಸೆ ಬೇರೆಯೇ ಇತ್ತು. ಒಂದೇ ಒಂದು ಕುರ್ಚಿ. ಅವಳ ಅಮ್ಮನದು.

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದವರು. ಒಂದೇ ಕುರ್ಚಿಯಲ್ಲಿ ನಲವತ್ತು ವರ್ಷ ಕೂತರು. ಹೊಲಿಯುವಾಗ ದಾರದ ತುದಿಯನ್ನು ಕುರ್ಚಿಯ ಕಾಲಿಗೆ ಸುತ್ತಿ ಎಳೆಯುವುದು ಅವರ ರೂಢಿ. ಕೊನೆಗಾಲದಲ್ಲಿ ಮಗನನ್ನು ಕರೆದು, "ಕುರ್ಚಿ ಅವಳಿಗೆ ಕೊಡು. ಬೇರೆ ಏನೂ ಇಲ್ಲ ನನ್ನ ಹತ್ರ," ಎಂದಿದ್ದರು. ಅವನು ತಲೆಯಾಡಿಸಿದ್ದ.

ಅವರು ಹೋದ ತಿಂಗಳಿಗೆ ಅಣ್ಣ ಮುಖ ಸಣ್ಣದು ಮಾಡಿಕೊಂಡು ಬಂದ. "ಗೆದ್ದಲು ತಿಂದುಬಿಟ್ಟಿತ್ತು ಪುಟ್ಟೀ. ಮುಟ್ಟಿದ್ರೆ ಪುಡಿ. ಬೇರೆ ಸಾಮಾನಿಗೆ ಹತ್ತೀತು ಅಂತ ಸುಟ್ಟುಬಿಟ್ಟೆ." ಬೆತ್ತದಕ್ಕ ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಅಂಗಿಯ ತೋಳಿನಲ್ಲಿ ಅವನೇ ಅವಳ ಕಣ್ಣೊರೆಸಿದ. ಅವಳು ಕೊನೆಗೆ ಅವನನ್ನೇ ಸಮಾಧಾನ ಮಾಡಿ ಕಳಿಸಿದಳು.

ಈಗ ಆ ರಾತ್ರಿಗೆ ಬರೋಣ. ಹೊಸ ಮನೆಯ ಮೇಜಿನ ಸುತ್ತ ನಾಲ್ಕು ಕುರ್ಚಿ ಇಟ್ಟು ಮಲಗಿದರು. ನಡುರಾತ್ರಿ... ಗರ್ರ್. ನೆಲದ ಮೇಲೆ ಮರ ಎಳೆದ ಸದ್ದು. ಮತ್ತೆ ಗರ್ರ್. ಎಣಿಸಿದಳು. ಸರಿಯಾಗಿ ನಾಲ್ಕು ಸಲ. ಏಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಬೆಳಿಗ್ಗೆ ನೋಡಿದರೆ ಮೇಜಿನ ಹತ್ತಿರ ಒಂದೂ ಇಲ್ಲ. ನಾಲ್ಕೂ ಕೋಣೆಯ ನಡುವೆ ಗುಂಪುಗೂಡಿದ್ದವು. ಗುಂಪಿನ ಒಳಗೆ ಇನ್ನೊಂದು ಕುರ್ಚಿ ಹಿಡಿಸುವಷ್ಟು ಚೌಕ ಜಾಗ ಖಾಲಿ. ಆ ಚೌಕದ ಒಂದೊಂದು ಮೂಲೆಗೆ ಒಂದೊಂದು ಕುರ್ಚಿಯ ಮುಂದಿನ ಬಲಗಾಲು ಬಂದು ನಿಂತಿತ್ತು.

"ನೀನೇ ಮಾಡಿದ್ಯಾ?" ಗಂಡ ಕೇಳಿದ.

"ನನಗೇನು ಹುಚ್ಚೇ?"

ಎರಡನೆಯ ರಾತ್ರಿ ಅವಳು ತನ್ನ ಕಸುಬಿನ ಬುದ್ಧಿ ಓಡಿಸಿದಳು. ನೆನೆಸಿದ ಬೆತ್ತದಿಂದ ನಾಲ್ಕನ್ನೂ ಮೇಜಿನ ಕಾಲುಗಳಿಗೆ ಬಿಗಿದಳು. ಹಸಿ ಬೆತ್ತ ಒಣಗುತ್ತಾ ಬಿಗಿಯಾಗುತ್ತದೆ. ಕತ್ತರಿಸದೆ ಬಿಡಿಸಲಾಗದು. ರಾತ್ರಿ ಮತ್ತೆ ರ್ರ್ರ್... ಟಿಕ್. ಮತ್ತೆ ನಾಲ್ಕು ಗರ್ರ್.

ಬೆಳಿಗ್ಗೆ ಕುರ್ಚಿಗಳು ಅದೇ ಚೌಕಕ್ಕೆ ಬಂದಿದ್ದವು. ಬೆತ್ತವನ್ನು ಯಾರೂ ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಹೊಲಿಗೆಯವರು ಉಳಿದ ದಾರ ಸುತ್ತಿಡುವ ಹಾಗೆ, ನಾಲ್ಕು ಪುಟ್ಟ ಸುರುಳಿ ಮಾಡಿ ಮೇಜಿನ ಮೇಲೆ ಇಟ್ಟಿತ್ತು.

ಅವಳು ನೆಲಕ್ಕೆ ಕೂತಳು. ಒಂದು ಕುರ್ಚಿಯ ಬಲಗಾಲಿನ ಮೇಲೆ ಬೆರಳಾಡಿಸಿದಳು. ಪಾಲಿಶಿನ ಕೆಳಗೆ ಕೂದಲೆಳೆಯಂಥ ಗೆರೆಗಳು ಸಿಕ್ಕಿದವು. ಸುತ್ತಲೂ, ಒಂದರ ಪಕ್ಕ ಒಂದು. ದಾರ ಸುತ್ತಿ ಸುತ್ತಿ ಕೊರೆದ ಗೆರೆಗಳು. ಇನ್ನೊಂದು ಕುರ್ಚಿಯ ಬಲಗಾಲಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಹಲ್ಲು ಬರುವ ವಯಸ್ಸಿನಲ್ಲಿ ಅಮ್ಮನ ಕುರ್ಚಿ ಕಚ್ಚುತ್ತಿದ್ದವಳು ಅವಳೇ.

ಹಳೆಯ ಸಾಮಾನಿನ ವ್ಯಾಪಾರದಲ್ಲಿ ಒಂದು ಆಟವಿದೆ. ಒಂದು ಹಳೆಯ ಕುರ್ಚಿಯ ನಾಲ್ಕು ಕಾಲು ಬಿಚ್ಚಿ, ನಾಲ್ಕು ಹೊಸ ಕುರ್ಚಿಗೆ ಒಂದೊಂದು ಜೋಡಿಸುವುದು. ಉಳಿದದ್ದೂ ಹಳತಾಗಿ ಕಾಣಲು ಬಣ್ಣ, ಹೊಗೆ. ಗಿರಾಕಿ ಬಂದಾಗ ಆ ಕಾಲನ್ನೇ ಮುಂದೆ ಮಾಡಿ ನೋಡಿ ಎನ್ನುವುದು. ಅದಕ್ಕೆ ತೋರಿಸುವ ಕಾಲು ಅಂತಲೇ ಹೆಸರು. "ಅದೆಲ್ಲ ಬೇರೆ ಅಂಗಡಿಯವರ ಬುದ್ಧಿ. ನಮ್ಮಲ್ಲಿಲ್ಲ," ಎಂದು ಅಣ್ಣ ಆಣೆ ಹಾಕುತ್ತಿದ್ದ.

ಆ ನಾಲ್ಕಕ್ಕೂ ಬೆತ್ತ ಹೆಣೆದವಳು ಅವಳೇ. ಹೆಣೆಯಲು ಬಂದಾಗ ಕಾಲುಗಳಿಗೆಲ್ಲ ಗೋಣಿ ಸುತ್ತಿತ್ತು. ಪಾಲಿಶ್ ಒಣಗಿಲ್ಲ, ಬಿಚ್ಚಬೇಡ ಎಂದಿದ್ದ. ಅವಳು ಬಿಚ್ಚಿರಲಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ಹೋದಳು. ಜಗಳವಾಡಲಿಲ್ಲ. ಮೆಲ್ಲಗೆ ಕೇಳಿದಳು.

"ಅಮ್ಮನ ಕುರ್ಚಿ ಎಲ್ಲಿ ಸುಟ್ಟೆ ಅಣ್ಣ?"

ಅವನು ಕೈಲಿದ್ದ ಬೀಗ ನೋಡುತ್ತಾ ನಿಂತ.

"ಹೇಳು. ಬೂದಿಯಾದ್ರೂ ತಗೊಂಡು ಹೋಗ್ತೀನಿ."

"ನಾಲ್ಕೂ ನಿನಗೇ ಕೊಟ್ಟೆನಲ್ಲ ಪುಟ್ಟೀ..."

"ಯಾಕೆ ಕೊಟ್ಟೆ?"

ಅವನು ಬೀಗವನ್ನು ಕೈಯಲ್ಲೇ ತಿರುಗಿಸಿದ. "ಮೂರು ಮನೆಯವ್ರು ವಾಪಸ್ ಕಳ್ಸಿದ್ರು. ರಾತ್ರಿ ಇಟ್ಟ ಕಡೆ ಇರಲ್ಲ ಅಂದ್ರು. ನಿನ್ನ ಮನೇಲಾದ್ರೂ ಸುಮ್ಮನಿರ್ತಾವೇನೋ ಅಂತ..."

ಉಡುಗೊರೆ ಅದಾಗಿತ್ತು. ಗಿರಾಕಿಗಳ ಎದುರು ಬೇಡ, ಕತ್ತಲಾದ ಮೇಲೆ ಬಂದು ಒಯ್ಯಿರಿ ಎಂದಿದ್ದು ಏಕೆಂದು ಅವಳಿಗೆ ಆಗ ಅರ್ಥವಾಯಿತು.

"ನಾನು ಅತ್ತಾಗ ನನ್ನ ಕಣ್ಣೊರೆಸಿದ್ಯಲ್ಲ," ಎಂದಳು. "ಕಾಲು ಕಿತ್ತಿದ್ದಾದ್ರೂ ಮರೀತೀನಿ. ಅದನ್ನ ಹೇಗೆ ಮರೀಲಿ?"

ಅವನು ಬೀಗ ಪಕ್ಕಕ್ಕಿಟ್ಟ. ಏಣಿ ಹಾಕಿ ಅಟ್ಟ ಹತ್ತಿದ. ಧೂಳು ಮೆತ್ತಿದ ಚೌಕಟ್ಟನ್ನೂ ಬೆನ್ನಿನ ಹಲಗೆಯನ್ನೂ ಇಳಿಸಿ ಅವಳ ಮುಂದಿಟ್ಟ. ಗೆದ್ದಲಿನ ಒಂದು ತೂತೂ ಇರಲಿಲ್ಲ.

ಗಂಡ ಕಾಲುಗಳನ್ನು ಬಿಚ್ಚಿ ಜೋಡಿಸಿದ, ಅವಳು ಹೊಸ ಬೆತ್ತ ಹೆಣೆದಳು. ಕಾಲು ಕಳೆದುಕೊಂಡ ನಾಲ್ಕನ್ನೂ ಅಂಗಡಿಯ ಬಾಗಿಲಿಗೆ ಬಿಟ್ಟು ಬಂದರು. ಅಮ್ಮನ ಕುರ್ಚಿ ಕಿಟಕಿಯ ಪಕ್ಕ ಕೂತಿತು. ಅವತ್ತಿನಿಂದ ರಾತ್ರಿ ಯಾವ ಸದ್ದೂ ಇಲ್ಲ. ಹಿಂದಿನ ಕೋಣೆಯ ಕೆಲಸವನ್ನೂ ಅವಳು ಬಿಟ್ಟಳು.

ಒಂದು ವರ್ಷದ ಮೇಲೆ ಅಣ್ಣ ಬಂದ. ಆ ಸಂಜೆ ನಾನೂ ಅಲ್ಲೇ ಇದ್ದೆ, ಗೋಡೆಗೊರಗಿ ಕೂತಿದ್ದೆ. ಹೊಸಿಲಲ್ಲಿ ನಿಂತವನು, "ಒಂದ್ಸಲ ಅಮ್ಮನ ಕುರ್ಚೀಲಿ ಕೂರ್ಲಾ?" ಎಂದ. ಬೆತ್ತದಕ್ಕ ಚೊಂಬು ಎತ್ತಿಕೊಂಡಳು. ನೀರು ತರಲು ಒಳಗೆ ಹೋದಳು. ಕುರ್ಚಿ ಬಾಗಿಲ ಕಡೆ ಮುಖ ಮಾಡಿತ್ತು. ಅವನು ಬಗ್ಗಿ ಚಪ್ಪಲಿ ಬಿಟ್ಟ, ನಾನು ಅವನ ಚಪ್ಪಲಿ ನೋಡಿದೆ. ಅಷ್ಟೇ ಹೊತ್ತು. ತಲೆಯೆತ್ತಿದಾಗ ಕುರ್ಚಿ ಗೋಡೆಗೆ ಮುಖ ಮಾಡಿತ್ತು, ಅವನಿಗೆ ಬೆನ್ನು.

ಎಳೆದ ಸದ್ದಿಲ್ಲ. ನೆಲದ ಮೇಲೆ ಗೀರಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ನಂಬಿ, ಬಿಡಿ... ನಾನು ಕಣ್ಣಾರೆ ಕಂಡದ್ದು. ಕೇಳಿದ ನಿಮಗೆಲ್ಲ ಆ ಭಗವಂತ ಒಳ್ಳೆಯ ನಿದ್ದೆ ಕೊಡಲಿ. ನಿಮ್ಮ ಕಣ್ಣೊರೆಸುವ ಕೈಗಳು ಸುಳ್ಳಾಗದಿರಲಿ.