ಚೆಂಡು ಹಿಡಿದ ಬೆರಳು

ಮಾನ್ಯ ಅಧ್ಯಕ್ಷೆ ಶ್ರೀಮತಿ ಎಲ್ಸ್ಬಾ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಮೂಡಣ ಬಂದರು ಫುಟ್‌ಬಾಲ್ ಕ್ಲಬ್ಬಿನ ಆಟಗಾರರೇ, ಆಡದಿದ್ದರೂ ಆಡಿದವರಿಗಿಂತ ಹೆಚ್ಚು ಕೂಗಿದವರೇ, ಹಿಂದಿನ ಬಾಗಿಲ ಬಳಿ ನೀಲಿ ಶಾಲು ಸುತ್ತಿಕೊಂಡು ಕುಳಿತಿರುವ ಒಬ್ಬನೇ ಒಬ್ಬ ಪಡುವಣ ಬಂದರಿನ ಮಹಾಶಯನೇ, ಹಾಗೂ ಸಮಸ್ತ ಸಭಿಕರೇ,

ಕಳೆದ ಭಾನುವಾರ ನಾವು ಪಡುವಣದವರನ್ನು ಮೂರು-ಸೊನ್ನೆಯಿಂದ ಬಡಿದೆವು. ಈ ವಾಕ್ಯವನ್ನು ಇನ್ನೊಮ್ಮೆ ಹೇಳಲು ಅಧ್ಯಕ್ಷರ ಅನುಮತಿ ಬೇಡುತ್ತೇನೆ. ಮೂರು-ಸೊನ್ನೆಯಿಂದ ಬಡಿದೆವು! ಈ ಟೋರ್ಸ್‌ಹೌನ್ ಪಟ್ಟಣದಲ್ಲಿ ಇದಕ್ಕಿಂತ ಸೊಗಸಾದ ವಾಕ್ಯ ಇನ್ನೊಂದಿದೆಯೇ? ನಮ್ಮ ಫೆರೋ ದ್ವೀಪಗಳಲ್ಲಿ ಕುರಿಗಳು ಹೆಚ್ಚು, ಮನುಷ್ಯರು ಕಡಿಮೆ. ಇರುವ ಮನುಷ್ಯರಲ್ಲಿ ಅರ್ಧ ಜನ ನಮ್ಮ ಕೆಂಪು ಅಂಗಿಯವರು, ಇನ್ನರ್ಧ ಜನ ದಾರಿ ತಪ್ಪಿದವರು.

ಕ್ಲಬ್ಬಿಗೆ ಎಪ್ಪತ್ತೈದು ತುಂಬಿದ ಈ ಸಂಜೆ ನನಗೊಂದು ಮರದ ಬೆರಳನ್ನು ಕಾಣಿಕೆಯಾಗಿ ಕೊಟ್ಟಿದ್ದೀರಿ. ಉಗುರನ್ನೂ ಬಿಡದೆ ಕೆತ್ತಿದ್ದಾರೆ. ಬಹಳ ಸ್ವಚ್ಛವಾದ ಉಗುರು. ನನ್ನಂಥ ದೋಣಿ ಕಟ್ಟುವವನಿಗೆ ಇಂಥ ಉಗುರು ಎಲ್ಲಿಂದ ಬಂತೋ ಕಾಣೆ! ಕೆಳಗೆ ‘ಅಲುಗದ ಬೆರಳು’ ಎಂದು ಬರೆಸಿದ್ದೀರಿ. ಈ ಮಾತನ್ನು ಮೊದಲು ನಿಮ್ಮ ಪತ್ರದಲ್ಲಿ ಓದಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಕಾರಣ ಹೇಳುತ್ತೇನೆ.

ನಲವತ್ತು ವರ್ಷದ ಹಿಂದಿನ ಕಪ್ ಫೈನಲ್. ನಾವು ಮತ್ತು ಅವರು. ಒಂದೇ ಮೈದಾನ, ಎರಡು ಕ್ಲಬ್ಬು, ಅಂಗಿ ಬದಲಿಸುವ ಕೋಣೆಗಳ ನಡುವೆ ಒಂದೇ ಹಲಗೆಯ ಗೋಡೆ. ಅವರ ಬೈಗುಳ ನಮಗೆ, ನಮ್ಮದು ಅವರಿಗೆ ಚೆನ್ನಾಗಿ ಕೇಳುತ್ತಿತ್ತು. ಕೊನೆಯ ನಿಮಿಷದಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಆದರೆ ಅವತ್ತಿನ ಬಿರುಗಾಳಿಯಲ್ಲಿ ಚೆಂಡು ಇಟ್ಟಲ್ಲಿ ಇರಬೇಕಲ್ಲ? ಹಾಗಾದಾಗ ಜೊತೆಯ ಆಟಗಾರನೊಬ್ಬ ನೆಲದ ಮೇಲೆ ಮಲಗಿ ಚೆಂಡನ್ನು ಬೆರಳಿನಿಂದ ಹಿಡಿಯಬಹುದು ಎಂಬ ನಿಯಮ ನಮ್ಮಲ್ಲಿದೆ. ಹೊರಗಿನವರು ನಗುತ್ತಾರೆ. ನಗಲಿ. ಅವರ ಚೆಂಡು ಹುಲ್ಲಿನ ಮೇಲಿರುತ್ತದೆ, ನಮ್ಮದು ಸಮುದ್ರಕ್ಕೆ ಹೋಗುತ್ತದೆ.

ಒದೆಯಲು ನಿಂತವನು ರೋಯಿ. ಕಾಲಲ್ಲಿ ಕುದುರೆಯ ಬಲ, ಗುರಿ ಮಾತ್ರ ದೇವರಿಗೇ ಪ್ರೀತಿ. ಅವನು ಕೇಳಿದ, “ಬೈನಿರ್, ನೀನು ಹಿಡೀತೀಯೇನೋ?”

“ಹಿಡೀತೀನಿ. ಚೆಂಡಿಗೆ ಒದಿ ಮಾರಾಯ, ನನಗಲ್ಲ!”

ಎದುರಿಗೆ ಗೋಲಿನಲ್ಲಿ ನಿಂತಿದ್ದವನು ಪಡುವಣದ ಟೈಟುರ್. ಅವನ ಬಗ್ಗೆ ಎರಡು ಮಾತು ಹೇಳಲೇಬೇಕು. ಭಾನುವಾರ ಅವನು ನನ್ನ ವೈರಿ. ಸೋಮವಾರದಿಂದ ಶನಿವಾರದವರೆಗೆ ನಾವಿಬ್ಬರೂ ಒಂದೇ ದೋಣಿ ಕಟ್ಟುವ ಕೊಟ್ಟಿಗೆಯಲ್ಲಿ ಕೆಲಸಗಾರರು. ಹಲಗೆಗೆ ಹಲಗೆ ಸೇರಿಸುವಾಗ ಒಬ್ಬ ಮೊಳೆ ಹಿಡಿಯಬೇಕು, ಇನ್ನೊಬ್ಬ ಸುತ್ತಿಗೆ ಬೀಸಬೇಕು. ಹಿಡಿಯುವವನು ನಾನು, ಬೀಸುವವನು ಅವನು. ಅಷ್ಟರಲ್ಲಾಗಲೇ ಹದಿಮೂರು ದೋಣಿ ಕಟ್ಟಿದ್ದೆವು. ಒಮ್ಮೆಯೂ ಸುತ್ತಿಗೆ ನನ್ನ ಬೆರಳಿಗೆ ತಾಗಿರಲಿಲ್ಲ.

ರೋಯಿ ಓಡಿ ಬಂದ, ಒದ್ದ, ಗೋಲು! ಕಪ್ ನಮ್ಮದು! ಆದರೆ ನೀಲಿಯವರು ಮೈದಾನಕ್ಕೇ ನುಗ್ಗಿದರು. “ಒದೆಯೋಕೆ ಮುಂಚೇನೇ ಚೆಂಡು ಉರುಳ್ತು! ಬೆರಳು ಬಿಟ್ಟ! ಮೋಸ!” ಎಂದು ಒಂದೇ ಗಲಾಟೆ. ರೆಫರಿಯ ಕನ್ನಡಕದ ತುಂಬ ಮಳೆಹನಿ. ಗೆರೆಯ ಬಳಿಯಿದ್ದವನು ತನ್ನ ಬಾವುಟ ಹಾರಿಹೋಗದಂತೆ ಅಪ್ಪಿಕೊಂಡು ನಿಂತಿದ್ದ. ರೆಫರಿ ನೇರವಾಗಿ ಟೈಟುರನ ಬಳಿ ಹೋಗಿ ಕೇಳಿದ, “ನೀನೇ ಎದುರಿಗಿದ್ದೆ. ಚೆಂಡು ಅಲ್ಲಾಡ್ತಾ?”

ಟೈಟುರ್ ಹೇಳಿದ, “ಇಲ್ಲ. ಗೋಲು ಸರಿ ಇದೆ.”

ಆ ಒಂದು ಮಾತಿಗೆ ಅವನ ಕ್ಲಬ್ಬು ಅವನಿಗೆ ಮತ್ತೆ ಗೋಲು ಕಾಯಲು ಕೊಡಲಿಲ್ಲ. ಮೀನು ಮಾರುಕಟ್ಟೆಯಲ್ಲಿ ಜನ ಅವನಿಗೆ ಬೆನ್ನು ತಿರುಗಿಸಿದರು. ಇತ್ತ ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮರುದಿನ ಅವನು ಏನೂ ಆಗದವನಂತೆ ಕೊಟ್ಟಿಗೆಗೆ ಬಂದು ಸುತ್ತಿಗೆ ಎತ್ತಿಕೊಂಡ. “ಮೊಳೆ ಹಿಡಿ” ಎಂದ. ಹಿಡಿದೆ.

ನನ್ನ ಹೆಂಡತಿ ಸುನ್ವಾ ಪಡುವಣದವಳು. ಮೊದಲ ಸಾಲಿನಲ್ಲೇ ಕುಳಿತಿದ್ದಾಳೆ, ಚಪ್ಪಾಳೆ ಮಾತ್ರ ತಟ್ಟುತ್ತಿಲ್ಲ. ಮದುವೆಯಾದ ಹೊಸದರಲ್ಲಿ ಅವಳೊಮ್ಮೆ ಕೇಳಿದ್ದಳು, “ನಿಜ ಹೇಳ್ರೀ, ಚೆಂಡು ಅಲ್ಲಾಡ್ತಾ?” ನಾನು ಎದೆ ತಟ್ಟಿಕೊಂಡು “ಇಲ್ಲ” ಎಂದೆ. ಸುನ್ವಾ, ಅದು ಸುಳ್ಳು. ಅಂದರೆ, ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ರೋಯಿಯ ಬೂಟು ಬರುವುದು ಕಂಡಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೌದು ಸಭಿಕರೇ, ನಿಮ್ಮ ಅಲುಗದ ಬೆರಳಿನ ವೀರ ಹೆದರಿ ಕಣ್ಣು ಮುಚ್ಚಿದ್ದ!

ನಗಿ, ನಗಿ. ಆದರೆ ನನ್ನ ಪಾಡು ಯೋಚಿಸಿ. ಚೆಂಡು ನಿಜಕ್ಕೂ ಉರುಳಿದ್ದು, ಟೈಟುರ್ ನನ್ನ ಮಾನ ಉಳಿಸಲು ಇಲ್ಲವೆಂದಿದ್ದರೆ? ಆಗ ಅಲ್ಲಿ ಗಾಜಿನ ಕಪಾಟಿನಲ್ಲಿ ಹೊಳೆಯುತ್ತಿರುವ ಆ ಕಪ್ ಕದ್ದ ಮಾಲು. ಆಮೇಲೂ ಇಪ್ಪತ್ತೇಳು ವರ್ಷ ಅವನ ಪಕ್ಕದಲ್ಲೇ ಮೊಳೆ ಹಿಡಿದೆ, ಕೇಳುವ ಧೈರ್ಯ ಬರಲಿಲ್ಲ. ಕಪಾಟಿನ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿಕೊಂಡೇ ಹೋದೆ.

ಮೊನ್ನೆ ಈ ಸನ್ಮಾನದ ಪತ್ರ ಬಂದಾಗ ಇನ್ನು ತಡೆಯಲಾಗಲಿಲ್ಲ. ಹೋದೆ. ಟೈಟುರ್ ತನ್ನ ದೋಣಿಗೆ ಬಣ್ಣ ಬಳಿಯುತ್ತಿದ್ದ. ನೀಲಿ ಬಣ್ಣವೇ, ಇನ್ನಾವುದು? ಕೇಳಿದೆ.

“ನಲವತ್ತು ವರ್ಷ ಬೇಕಾಯ್ತೇನೋ ಇದನ್ನ ಕೇಳೋಕೆ?” ಎಂದ. “ಅಲ್ಲಾಡ್ಲಿಲ್ಲ ಕಣೋ. ನಿನ್ನ ಮೈಯೆಲ್ಲ ನಡುಗ್ತಾ ಇತ್ತು, ಚೆಂಡು ಮಾತ್ರ ಗಟ್ಟಿಯಾಗಿ ಕೂತಿತ್ತು.”

“ಅದು ಹೇಗೆ ಅಷ್ಟು ಖಚಿತವಾಗಿ ಹೇಳ್ತೀಯಾ? ಗೋಲು ಕಾಯೋನು ಒದೆಯೋನ ಕಾಲು ನೋಡ್ಬೇಕಲ್ವಾ?”

ಅವನು ಕುಂಚ ಅದ್ದಿದ, ಮತ್ತೆ ಬಳಿಯತೊಡಗಿದ. “ನೋಡ್ಬೇಕಿತ್ತು. ಆದ್ರೆ ಆ ಕತ್ತೆಯ ಬೂಟು ನಿನ್ನ ಬೆರಳಿಗೆ ಎಲ್ಲಿ ಬೀಳುತ್ತೋ ಅಂತ ಅದನ್ನೇ ನೋಡ್ತಾ ನಿಂತೆ. ಸೋಮವಾರ ಮೊಳೆ ಯಾರು ಹಿಡೀತಿದ್ರು? ಕಣ್ಣೆತ್ತೋ ಹೊತ್ತಿಗೆ ಚೆಂಡು ನನ್ನ ಬೆನ್ನ ಹಿಂದೆ ಇತ್ತು.”

ಸಭಿಕರೇ, ಗೋಲು ಸರಿ ಇತ್ತು! ಕಪ್ ನಮ್ಮದೇ! ಇವತ್ತು ಈ ಸಭಾಂಗಣಕ್ಕೆ ಬರುವಾಗ ಕಪಾಟಿನ ಮುಂದೆ ತಲೆಯೆತ್ತಿ ನಿಂತು ಅದನ್ನು ಕಣ್ತುಂಬ ನೋಡಿದೆ. ಆದರೆ ಆ ಗೋಲು ಆದದ್ದು ರೋಯಿಯ ಕಾಲಿನಿಂದಲೂ ಅಲ್ಲ, ನನ್ನ ಬೆರಳಿನಿಂದಲೂ ಅಲ್ಲ. ಗೋಲು ಕಾಯಬೇಕಾದವನು ನನ್ನನ್ನು ಕಾಯುತ್ತಿದ್ದ, ಅದರಿಂದ ಆಯಿತು.

ಟೈಟುರ್, ಬಾಗಿಲ ಕಡೆ ಜಾರಬೇಡ, ಎದ್ದು ನಿಲ್ಲು. ಕೆಂಪು ಅಂಗಿಯವರೇ, ಜೀವಮಾನದಲ್ಲಿ ಒಂದೇ ಒಂದು ಸಲ ನೀಲಿ ಶಾಲಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿ. ಮುಂದಿನ ಪಂದ್ಯದಲ್ಲಿ ಬೇಕಾದರೆ ಬಡ್ಡಿ ಸಮೇತ ಬೈಯೋಣ.

ಹಾಂ, ಹಾಗೆ. ಸುನ್ವಾ ಕೂಡ ತಟ್ಟುತ್ತಿದ್ದಾಳೆ!

ಈ ಮರದ ಬೆರಳನ್ನು ಅವನ ಕೈಗೆ ಕೊಡುತ್ತೇನೆ. ನಿಜವಾದದ್ದು ನನ್ನ ಬಳಿ ಇದೆ, ಅವನು ನೋಡಿಕೊಂಡದ್ದರಿಂದ. ಕರೆದು ಗೌರವಿಸಿದ ಕ್ಲಬ್ಬಿಗೆ, ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೆ ಕೃತಜ್ಞತೆಗಳು. ಎಪ್ಪತ್ತರ ವಯಸ್ಸಿನಲ್ಲೂ ಒಂದೂ ಕಡಿಮೆಯಾಗದ ಈ ಹತ್ತು ಬೆರಳುಗಳನ್ನು ಜೋಡಿಸಿ, ನಿಮಗೆ ಒಂದು ಸಲ, ಬಾಗಿಲ ಬಳಿ ನಿಂತಿರುವ ಅವನಿಗೆ ಎರಡು ಸಲ, ನಮಸ್ಕಾರ.